ಗಂಡನಿಗೆ ಏಟು, ಮಂತ್ರಿಗೆ ವಿನಾಯಿತಿ

ಕನ್ನಡ ಕಿರುತೆರೆಯ ಹಾಸ್ಯದಲ್ಲಿ ಏಟು ತಿನ್ನುವವನು ಗಂಡ. 'ಪಾಪಾ ಪಾಂಡು'ವಿನಲ್ಲಿ ಚಿದಾನಂದರ ಪಾಂಡು, ಶಾಲಿನಿಯವರ ಶ್ರೀಮತಿಯ ಕೈಯಲ್ಲಿ ತಿಂದ ಗೂಸಾಗಳಿಗೆ ಲೆಕ್ಕವಿಲ್ಲ. ಸಿಹಿಕಹಿ ಚಂದ್ರು ಹುಟ್ಟುಹಾಕಿದ ಆ ಜೋಡಿ ಎಷ್ಟು ಜನಪ್ರಿಯವಾಯಿತೆಂದರೆ 2018ರಲ್ಲಿ ಅದೇ ಗಂಡ ಅದೇ ಹೆಂಡತಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂದರು. ನಾವೂ ಮತ್ತೆ ನಕ್ಕೆವು. ಇಷ್ಟೆಲ್ಲ ಏಟುಗಳಲ್ಲಿ ಒಂದಾದರೂ ವಿಧಾನಸೌಧದ ಕಡೆ ಬಿದ್ದಿತೇ ಎಂಬುದು ನನ್ನ ತಕರಾರು.

ನಾನು ಟಿ.ವಿ. ಪಂಡಿತನಲ್ಲ, ಊಟದ ತಟ್ಟೆ ಹಿಡಿದು ಕೂತಾಗ ಎದುರಿಗೆ ಬಂದದ್ದನ್ನು ನೋಡುವವನು. ಇರುವುದು ನಂದಿನಿ ಲೇಔಟಿನಲ್ಲಿ. ಕಂಠೀರವ ಸ್ಟುಡಿಯೊ ಹತ್ತಿರವೇ ಇದೆ ಎಂಬುದಷ್ಟೇ ಈ ವಿಷಯ ಮಾತಾಡಲು ನನಗಿರುವ ಅರ್ಹತೆ.

2000ದ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡ, ದೈನಿಕ ಹಾಸ್ಯ ಧಾರಾವಾಹಿಗಳಿಗೆ ಒಂದು ಒಳ್ಳೆಯ ಕಾಲ ತಂದಿತು. ಫಣಿ ರಾಮಚಂದ್ರರ 'ದಂಡಪಿಂಡಗಳು', ಚಂದ್ರು ಅವರ 'ಪಾಪಾ ಪಾಂಡು', ವಿಜಯಪ್ರಸಾದರ 'ಸಿಲ್ಲಿ ಲಲ್ಲಿ'. ಈ ಮೂರರಲ್ಲಿ ನನ್ನ ಮತ ಕೊನೆಯದಕ್ಕೆ. ಕಾರಣ, ರವಿಶಂಕರ್ ಮಾಡಿದ ಡಾ. ವಿಠ್ಠಲ್ ರಾವ್ ಅಲ್ಲ, ಅವರು ಎಷ್ಟೇ ನಗಿಸಿದರೂ. ಮಂಜುಭಾಷಿಣಿಯವರ 'ಸಮಾಜ ಸೇವಕಿ' ಲಲಿತಾಂಬ. ಬಡಾವಣೆಯಲ್ಲಿ ಬದುಕುವವರಿಗೆ ಆಕೆಯನ್ನು ಪರಿಚಯಿಸಬೇಕಾಗಿಲ್ಲ. ಸೇವೆ ಎಲ್ಲಿ ನಡೆಯಿತು ಎಂದು ಯಾರಿಗೂ ತಿಳಿಯದು, ಸೇವಕಿ ಎಂಬ ಬಿರುದು ಮಾತ್ರ ಹೆಸರಿಗಿಂತ ಮೊದಲು ಬರುತ್ತದೆ. ನಮ್ಮ ಕಡೆ ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ಕೈಮುಗಿದು ನಿಲ್ಲುವ 'ಸಮಾಜ ಸೇವಕರು' ಎಲ್ಲ ಲಲಿತಾಂಬನ ನೆಂಟರೇ. ನಗುತ್ತ ನಗುತ್ತ ಅಧಿಕಾರದ ಆಸೆಯನ್ನು ಬೆತ್ತಲೆ ಮಾಡುವ ಬಾಗಿಲೊಂದು ಅಲ್ಲಿ ತೆರೆದಿತ್ತು. ದಿನಕ್ಕೊಂದು ಕಂತಿನ ಓಟದಲ್ಲಿ ಆಕೆ ಬರಬರುತ್ತಾ ಜೋರು ದನಿಯ ಗೃಹಿಣಿಯಾಗಿ ಉಳಿದುಬಿಟ್ಟಳು.

ಬ್ರಿಟನ್ನಿನವರು ಈ ಓಟಕ್ಕೆ ಬೀಳಲಿಲ್ಲ. ಜಾನ್ ಕ್ಲೀಸ್, ಕಾನಿ ಬೂತ್ ಬರೆದ 'ಫಾಲ್ಟಿ ಟವರ್ಸ್' 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಕಂತು. ನಮ್ಮಲ್ಲಿ ಅಷ್ಟು ಕಂತು ಎರಡೂವರೆ ವಾರಕ್ಕೆ ಮುಗಿಯುತ್ತದೆ. ರಮೇಶ್ ಭಟ್ಟರ 'ಕ್ರೇಜಿ ಕರ್ನಲ್' ಬಂದ ದೂರದರ್ಶನದ ಕಾಲದಲ್ಲಿ ವಾರಕ್ಕೊಂದೇ ಕಂತು ಬರುತ್ತಿದ್ದುದರಿಂದ ಬರೆಯುವವನಿಗೆ ಯೋಚಿಸಲು ಆರು ದಿನವಾದರೂ ಸಿಗುತ್ತಿತ್ತು. ಹಾಗೆಂದು ಬಿಬಿಸಿಯನ್ನು ಹೊತ್ತು ಮೆರೆಸಬೇಕಾಗಿಲ್ಲ. ಸರ್ಕಾರವನ್ನು ಗೇಲಿ ಮಾಡಿದ 'ದಟ್ ವಾಸ್ ದ ವೀಕ್ ದಟ್ ವಾಸ್' ಕಾರ್ಯಕ್ರಮವನ್ನು, ಮುಂದಿನದು ಚುನಾವಣೆಯ ವರ್ಷ ಎಂಬ ಕಾರಣ ಹೇಳಿ 1963ರ ಕೊನೆಯಲ್ಲಿ ನಿಲ್ಲಿಸಿದವರೂ ಅವರೇ. ಮಂತ್ರಿಯನ್ನು ಅಧಿಕಾರಿಯೊಬ್ಬ ಬೆರಳ ತುದಿಯಲ್ಲಿ ಕುಣಿಸುವ 'ಯೆಸ್ ಮಿನಿಸ್ಟರ್' ಪ್ರಧಾನಿ ಥ್ಯಾಚರ್ ಅವರ ಮೆಚ್ಚಿನ ಕಾರ್ಯಕ್ರಮವಾಗಿತ್ತು. ಚುಚ್ಚಿಸಿಕೊಂಡವರೇ ಚಪ್ಪಾಳೆ ತಟ್ಟಿದರೆ ಸೂಜಿ ಎಲ್ಲಿ ಚುಚ್ಚಿತು ಎಂಬ ಅನುಮಾನ ಬರುವುದು ಸಹಜ. ಆದರೂ ಸರ್ಕಾರಿ ಕಡತ ಹೇಗೆ ನಡೆಯುತ್ತದೆ, ಹೇಗೆ ನಿಲ್ಲುತ್ತದೆ ಎಂಬುದನ್ನು ಅದರಷ್ಟು ಚೆನ್ನಾಗಿ ತೋರಿಸಿದ ಹಾಸ್ಯ ನಾನು ನೋಡಿಲ್ಲ.

ಧೈರ್ಯ ಕನ್ನಡಕ್ಕೆ ಹೊಸದಲ್ಲ. ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ 'ಕೊರವಂಜಿ' ಇತ್ತು, ಬೀchi ಇದ್ದರು. ಎಲ್ಲಕ್ಕಿಂತ ಮಿಗಿಲಾಗಿ ಮಾಸ್ಟರ್ ಹಿರಣ್ಣಯ್ಯ ಇದ್ದರು. ಅವರ ನಾಟಕ 'ಲಂಚಾವತಾರ' ಸಾವಿರಾರು ಪ್ರದರ್ಶನ ಕಂಡರೂ ಹಳಸದೆ ಇದ್ದದ್ದು, ಹಿರಣ್ಣಯ್ಯನವರು ಅಂದಂದಿನ ರಾಜಕೀಯವನ್ನು ಅಂದಂದೇ ಮಾತಿನಲ್ಲಿ ಸೇರಿಸುತ್ತಿದ್ದುದರಿಂದ. 2019ರಲ್ಲಿ ಅವರು ತೀರಿಕೊಂಡರು. ಟಿ.ವಿ. ಧಾರಾವಾಹಿಗಳಿಗೂ ಅವರನ್ನು ಕರೆದು ಬಣ್ಣ ಹಚ್ಚಿಸಿದರು, ಆದರೆ ಯಾರೋ ಬರೆದ ಮಾತು ಆಡಿಸಿದರು. ಅವರ ಬಾಯನ್ನು ಅವರಿಗೇ ಬಿಟ್ಟುಕೊಡುವ ಎದೆಗಾರಿಕೆ ಯಾವ ವಾಹಿನಿಗಿತ್ತು? ಕಸ್ತೂರಿ ವಾಹಿನಿ ಕುಮಾರಸ್ವಾಮಿಯವರ ಕುಟುಂಬದ್ದು. ಉದಯದ ಹಿಂದಿರುವುದು ಚೆನ್ನೈನ ಮಾರನ್ ಮನೆತನ. ಒಡೆಯರು ಯಾರೆಂದು ತಿಳಿದ ಮೇಲೆ ಉದಯದ 'ಹರಟೆ'ಯಲ್ಲಿ ಹಿರೇಮಗಳೂರು ಕಣ್ಣನ್ ಅವರಂಥ ಮಾತುಗಾರರೂ ಗಂಡ-ಹೆಂಡತಿ, ಅತ್ತೆ-ಸೊಸೆಯ ಸುತ್ತಲೇ ಏಕೆ ಸುತ್ತುತ್ತಿದ್ದರು ಎಂದು ಕೇಳಬೇಕಾಗಿಲ್ಲ.

2015ರಲ್ಲಿ ಬಂದ 'ಮಜಾ ಟಾಕೀಸ್' ಬಗ್ಗೆ ಎರಡು ಮಾತು. ಮನೆಗೆ ಅತಿಥಿ ಬಂದಾಗ ಇಡೀ ಸಂಸಾರ ಸೇರಿ ಅವರ ಕಾಲೆಳೆಯುವ ಈ ಧಾಟಿ, 2001ರ ಬಿಬಿಸಿಯ 'ದ ಕುಮಾರ್ಸ್ ಅಟ್ ನಂಬರ್ 42'ರಲ್ಲಿ ಇಂಗ್ಲೆಂಡಿನ ಭಾರತೀಯ ಕುಟುಂಬವೊಂದರ ಮೂಲಕ ಆಗಲೇ ಬಂದಿತ್ತು. ನಮಗೆ ತಲುಪಿದ್ದು ಹಿಂದಿಯ ಕಪಿಲ್ ಶರ್ಮಾ ದಾರಿಯಲ್ಲಿ. ಸೃಜನ್ ಲೋಕೇಶ್ ಚುರುಕು, ಕುರಿ ಪ್ರತಾಪ್ ಇನ್ನೂ ಚುರುಕು. ಆದರೆ ಅತಿಥಿಗಳಲ್ಲಿ ಹೆಚ್ಚಿನವರು ಹೊಸ ಚಿತ್ರದ ಪ್ರಚಾರಕ್ಕೆ ಬಂದವರು, ಕಾಲು ಎಳೆದಂತೆ ಮಾಡಿ ಒತ್ತುವುದಷ್ಟೇ ನಡೆಯಿತು. ಉಳಿಯುವುದು ಅಪರ್ಣಾ. ಅಚ್ಚ ಕನ್ನಡದ ನಿರೂಪಣೆಗೆ ಹೆಸರಾದ ಹೆಣ್ಣುಮಗಳು ಜಂಭದ ವರಲಕ್ಷ್ಮಿಯಾಗಿ ತನ್ನ ಗಾಂಭೀರ್ಯವನ್ನೇ ಲೇವಡಿ ಮಾಡಿಕೊಂಡದ್ದು ದೊಡ್ಡ ಕಲೆ. 2024ರ ಜುಲೈನಲ್ಲಿ ಅವರು ಹೋದರು.

'ಕಾಮಿಡಿ ಕಿಲಾಡಿಗಳು' ಉತ್ತರ ಕರ್ನಾಟಕ, ಕುಂದಾಪುರ, ಮಂಡ್ಯದ ಮಾತನ್ನು ಒಂದೇ ವೇದಿಕೆಗೆ ತಂದಿತು, ಅದು ಅದರ ಪುಣ್ಯ. ಸೀರೆ ಉಟ್ಟ ಗಂಡಸು, ದಪ್ಪ, ಕುಳ್ಳು, ಕಪ್ಪು ಎಂಬ ಸವಕಲು ಸರಕು ಅದರ ಪಾಪ. ವಿಡಂಬನೆ ಈಗ ಇರುವುದು ಫೋನಿನಲ್ಲಿ. 2019ರಲ್ಲಿ ಮಂಡ್ಯದ ಚುನಾವಣೆಯ ವೇಳೆ ಅಭ್ಯರ್ಥಿಯಾಗಿದ್ದ ಕುಮಾರಸ್ವಾಮಿಯವರ ಮಗನನ್ನು ಕುರಿತು 'ನಿಖಿಲ್ ಎಲ್ಲಿದ್ದೀಯಪ್ಪ' ಎಂದು ನಾಡೆಲ್ಲ ನಕ್ಕಾಗ ಸುದ್ದಿ ವಾಹಿನಿಗಳು ಆ ನಗುವಿನ ಹಿಂದೆ ಓಡಿದವು. ತಾವಾಗಿ ಅವು ಮಾಡುವ ವಿಡಂಬನೆ ಎಂದರೆ ನಾಯಕರ ದೃಶ್ಯಕ್ಕೆ ಸಿನಿಮಾ ಹಾಡು ಅಂಟಿಸುವುದು. ನಾಯಕರ ನಿದ್ದೆ, ನಡಿಗೆ ಗೇಲಿಯಾಗುತ್ತವೆ, ಅವರು ಹಾಕಿದ ಸಹಿ ಆಗುವುದಿಲ್ಲ.

ವಸ್ತುವಿಗೆ ಬರವಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, 2025ರಲ್ಲಿ ಪಾಲಿಕೆಯೇ ಐದು ಪಾಲಾಯಿತು. ಕಾರ್ಪೊರೇಟರೇ ಇಲ್ಲದ ವಾರ್ಡು, ಕಾರ್ಪೊರೇಟರ್ ಆಗಲು ಕಾಯುತ್ತಲೇ ಇರುವ ಹತ್ತು ಮಂದಿ ಸಮಾಜ ಸೇವಕರು, ಇ-ಖಾತೆಗೆ ಅಲೆಯುವ ಒಬ್ಬ ನಿವೃತ್ತ ಮೇಷ್ಟ್ರು, ಎಲ್ಲವನ್ನೂ ನಿಯಮದ ಪ್ರಕಾರವೇ ತಡೆಯುವ ಒಬ್ಬ ಕೇಸ್ ವರ್ಕರ್: ಧಾರಾವಾಹಿಗೆ ಇನ್ನೇನು ಬೇಕು? ಹಿಂದಿಯವರು 'ಯೆಸ್ ಮಿನಿಸ್ಟರ್' ಅನ್ನು 2001ರಲ್ಲೇ ಫಾರೂಕ್ ಶೇಖ್ ಕೈಲಿ 'ಜೀ ಮಂತ್ರೀಜೀ' ಮಾಡಿಸಿದರು. ನಮಗೆ ಎರವಲೂ ಬೇಡ. ವಾಹಿನಿಯವರೇ, ಹನ್ನೆರಡೇ ಕಂತು ಮಾಡಿಸಿ. ಪಕ್ಷದ ಹೆಸರು ಹಾಕಬೇಡಿ, ನಾಯಕರ ಹೆಸರೂ ಬೇಡ. ಯಾರೆಂದು ನಾವು ಕಂಡುಕೊಳ್ಳುತ್ತೇವೆ.