ಔಷಧಕ್ಕೆ ಮೊದಲು ನೀರು ನೋಡಿ

ತೊಟ್ಟಿಯ ಮೀನು ಮಂಕಾದರೆ ಸಾಕು, ನಮ್ಮಲ್ಲಿ ಬಹಳ ಮಂದಿ ಅಂಗಡಿಗೆ ಓಡಿ ನೀಲಿ ಔಷಧದ ಬಾಟಲಿ ತರುತ್ತಾರೆ. ಈ ಹವ್ಯಾಸಕ್ಕೆ ಹೊಸದಾಗಿ ಬಂದವರಿಗೆ ನನ್ನ ಮೊದಲ ಮಾತು: ಮೊದಲು ನೀರನ್ನು ಪರೀಕ್ಷಿಸಿ, ಆಮೇಲೆ ಔಷಧದ ಯೋಚನೆ.

ಕನ್ನಡಿಯಂತೆ ತಿಳಿಯಾದ ನೀರಲ್ಲೂ ವಿಷವಿರಬಹುದು. ಮೀನು ಕಿವಿರಿನ ಮೂಲಕ ಸದಾ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಫಿಲ್ಟರ್‌ನ ಸ್ಪಾಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ವ್ಯವಸ್ಥೆ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ತೊಟ್ಟಿ ತಂದ ದಿನವೇ ಹತ್ತು ಮೀನು ಬಿಟ್ಟವರ ಮನೆಯಲ್ಲಿ ಅವು ಒಂದೊಂದಾಗಿ ಸಾಯುವುದು ಇದೇ ಕಾರಣಕ್ಕೆ. ನೀರಿನ ಪಿಎಚ್ ಕೂಡ ಇಲ್ಲಿ ಮುಖ್ಯ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಗಡಸು ಬೋರ್‌ವೆಲ್ ನೀರು ಬಳಸುವವರು ಇದನ್ನು ಮರೆಯಬಾರದು.

ಮೀನು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದೆಯೇ? ಕಿವಿರು ಬಿರಬಿರನೆ ಬಡಿಯುತ್ತಿದೆಯೇ? ಆಹಾರ ನಿಲ್ಲಿಸಿ, ಏರ್ ಪಂಪ್ ಜೋರು ಮಾಡಿ, ಮೂರನೇ ಒಂದು ಭಾಗ ನೀರು ಬದಲಿಸಿ. ಎಷ್ಟೋ ಸಲ ಇಷ್ಟರಲ್ಲೇ ಮೀನು ಚೇತರಿಸಿಕೊಳ್ಳುತ್ತದೆ.

ನಿಜವಾದ ರೋಗಗಳಲ್ಲಿ ಹೆಚ್ಚು ಕಾಡುವುದು ಬಿಳಿಚುಕ್ಕೆ ರೋಗ. ರೆಕ್ಕೆಯ ಮೇಲೆ ಸಣ್ಣ ಬಿಳಿ ಕಾಳುಗಳು ಕಾಣಿಸುತ್ತವೆ. ಮೀನು ಕಲ್ಲಿಗೆ ಮೈ ತಿಕ್ಕುತ್ತದೆ. ಈ ರೋಗ ತರುವ ಪರೋಪಜೀವಿ ಚರ್ಮದ ಒಳಗೆ ಹುದುಗಿರುವುದರಿಂದ ಔಷಧ ಅದಕ್ಕೆ ತಾಕುವುದಿಲ್ಲ. ಬೆಳೆದ ಮೇಲೆ ಅದು ಮೀನಿನಿಂದ ಕಳಚಿ ತಳಕ್ಕಿಳಿದು, ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ನೀರಿನಲ್ಲಿ ಈಜುತ್ತ ಮೀನನ್ನು ಹುಡುಕುವ ಒಂದೆರಡು ದಿನಗಳಲ್ಲಷ್ಟೇ ಔಷಧ ಕೆಲಸ ಮಾಡುತ್ತದೆ. ಹಾಗಾಗಿ ಚುಕ್ಕೆ ಉದುರಿತೆಂದು ಚಿಕಿತ್ಸೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಹೀಟರ್‌ನಿಂದ ಶಾಖವನ್ನು ದಿನಕ್ಕೊಂದೆರಡು ಡಿಗ್ರಿಯಂತೆ 28-30 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ ಈ ಚಕ್ರ ಬೇಗ ಮುಗಿಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಗಾಳಿಯನ್ನೂ ಹೆಚ್ಚಿಸಿ. ಕೊನೆಯ ಚುಕ್ಕೆ ಹೋದ ಮೇಲೂ ಕೆಲವು ದಿನ ಔಷಧ ಮುಂದುವರಿಸಿ. ಫಿಲ್ಟರ್‌ನಲ್ಲಿ ಇದ್ದಿಲಿದ್ದರೆ ತೆಗೆದಿಡಿ, ಅದು ಔಷಧವನ್ನೇ ಹೀರಿಕೊಳ್ಳುತ್ತದೆ. ಮೆಥಿಲೀನ್ ಬ್ಲೂ ಮಾತ್ರ ಮುಖ್ಯ ತೊಟ್ಟಿಗೆ ಬೇಡ. ಫಿಲ್ಟರ್‌ನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಮೀನನ್ನು ಬೇರೆ ಪಾತ್ರೆಗೆ ತೆಗೆದು ಅಲ್ಲಿ ಬಳಸಿ.

ವಾರದ ಆರೈಕೆ ಸುಲಭ. ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಿನ ಕ್ಲೋರಿನ್‌ಗೆ ಅಂಗಡಿಯಲ್ಲಿ ಸಿಗುವ ಆ್ಯಂಟಿ-ಕ್ಲೋರಿನ್ ಹಾಕಿ. ಫಿಲ್ಟರ್ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಬಹುತೇಕ ರೋಗಗಳು ಹೊಸ ಅತಿಥಿಯ ಜೊತೆಗೇ ಮನೆಯೊಳಗೆ ಬರುತ್ತವೆ. ಇಷ್ಟು ತಾಳ್ಮೆಯಿದ್ದರೆ ಔಷಧದ ಬಾಟಲಿ ತೆರೆಯುವ ಸಂದರ್ಭವೇ ಅಪರೂಪವಾಗುತ್ತದೆ.