ಮೃಚ್ಛಕಟಿಕದ ಒಡವೆಗಳು

ಶರ್ವಿಲಕನು ಕನ್ನ ಕೊರೆಯುವ ಪ್ರಸಂಗವೆಂದರೆ ರಸಿಕರಿಗೆ ಬಲು ಪ್ರೀತಿ. ಜನಿವಾರವನ್ನೇ ಅಳತೆಯ ನೂಲಾಗಿ ಹಿಡಿಯುವ ಆ ಚೋರವಿಪ್ರನನ್ನು ಕಂಡು ನಗದವರಿಲ್ಲ. ಆದರೆ ಶೂದ್ರಕನ ಈ ಪ್ರಕರಣದಲ್ಲಿ ಕಳವಿನ ವಿಚಾರವು ನಿಜವಾಗಿ ಮೊದಲಾಗುವುದು ಮೂರನೆಯ ಅಂಕದ ಗೋಡೆಯ ಬಳಿಯಲ್ಲಲ್ಲ. ಕದ್ದ ಒಡವೆಯು ತನ್ನನ್ನು ಸ್ವೀಕರಿಸುವ ಕೈಯನ್ನರಸಿ ಹೊರಡುವ ನಾಲ್ಕನೆಯ ಅಂಕದಲ್ಲಿ.

ಕೊಂಬುವವನಿಲ್ಲದೆ ಕಳ್ಳನಿಗೆ ಲಾಭವೆಲ್ಲಿಯದು? ಗುಟ್ಟಾಗಿ, ಅತ್ಯಲ್ಪ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ, ಅಂಥ ವಸ್ತುವನ್ನು ಪಡೆಯುವ ದಾರಿಯೇ ಇಲ್ಲದವನಿಂದ ಕೊಂಡವನನ್ನು ಯಾಜ್ಞವಲ್ಕ್ಯನು ಕಳ್ಳನೆಂದೇ ಎಣಿಸುತ್ತಾನೆ. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯು ವ್ಯಾಖ್ಯಾನಿಸಿದುದು ಈ ಸ್ಮೃತಿಯನ್ನೇ. 1860ರ ದಂಡಸಂಹಿತೆಯ 411ನೆಯ ಕಲಮಾಗಲಿ, 2024ರಲ್ಲಿ ಜಾರಿಗೆ ಬಂದ ನ್ಯಾಯಸಂಹಿತೆಯ 317ನೆಯ ಕಲಮಾಗಲಿ ಕೇಳುವುದೂ ಇಷ್ಟೆ: ಕಳವಿನದೆಂದು ಅರಿತಿದ್ದನೆ, ಹಾಗೆ ನಂಬಲು ಕಾರಣವಿದ್ದಿತೆ?

ಮದನಿಕೆಯು ಅರಿತವಳು. ಅವಳನ್ನು ದಾಸ್ಯದಿಂದ ಬಿಡಿಸಲೆಂದೇ ಶರ್ವಿಲಕನು ಕದ್ದುದು. ಕದ್ದುದೋ, ಅವಳ ಒಡತಿ ವಸಂತಸೇನೆಯು ಚಾರುದತ್ತನಲ್ಲಿ ನ್ಯಾಸವಾಗಿರಿಸಿದ್ದ ಒಡವೆಗಳನ್ನೇ. ಕಂಡೊಡನೆ ಗುರುತಿಸಿದ ಆ ದಾಸಿ, ತನ್ನ ಬಿಡುಗಡೆಯ ಬೆಲೆಯೇ ಎದುರಿಗಿದ್ದರೂ ಕೈಚಾಚಲಿಲ್ಲ. ಚಾರುದತ್ತನ ಕಡೆಯವನೆಂದು ಹೇಳಿ ಒಡತಿಗೇ ಒಪ್ಪಿಸು, ನೀನು ಕಳ್ಳನಲ್ಲವೆಂದಾಗುವುದು, ಆತನ ಋಣ ತೀರುವುದು, ಒಡವೆ ಮನೆಗೆ ಸೇರುವುದು ಎಂದಳು. ಇದರಲ್ಲಿ ಸುಳ್ಳಿಲ್ಲದಿಲ್ಲ. ಆದರೂ ಧರ್ಮಶಾಸ್ತ್ರವನ್ನೋದದ ಈ ಹೆಣ್ಣಿನ ವಿವೇಕವು ಚತುರ್ವೇದಿಯ ಮಗನೆಂದು ಮೆರೆವ ಅವಳ ನಲ್ಲನಿಗಿಲ್ಲ.

ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದ ವಸಂತಸೇನೆಯು ಒಡವೆಯನ್ನು ಸ್ವೀಕರಿಸಿ ಮದನಿಕೆಯನ್ನು ಅವನಿಗೇ ಒಪ್ಪಿಸುತ್ತಾಳೆ. ತನ್ನ ಸೊತ್ತನ್ನು ತಾನು ಪಡೆದುದರಲ್ಲಿ ದೋಷವಿಲ್ಲ. ಆದರೆ ಒಡವೆಗಳಿಗೆ ಬದಲಾಗಿ ಚಾರುದತ್ತನು ಕಳುಹಿದ ಧೂತೆಯ ರತ್ನಾವಳಿಯನ್ನು, ಸಲ್ಲಬೇಕಾದುದೇನೂ ಉಳಿದಿಲ್ಲವೆಂದು ಬಲ್ಲ ಅವಳು, ಏಕೆ ತೆಗೆದುಕೊಂಡಳು? ಆತನ ಮನೆಗೆ ಹೋಗಲು ನೆಪ ಬೇಕಿದ್ದಿತೆಂಬ ಸಮಾಧಾನವು ಶೃಂಗಾರಕ್ಕೆ ಸಾಕು, ನ್ಯಾಯಕ್ಕೆ ಸಾಲದು. ಆರನೆಯ ಅಂಕದಲ್ಲಿ ಅವಳು ಅದನ್ನು ಹಿಂದಿರುಗಿಸಲು ಹೋಗಿ, ಧೂತೆಯು ನಿರಾಕರಿಸುವಲ್ಲಿ ಕವಿಯೂ ಈ ಸಂಕೋಚವನ್ನು ಉಣಿಸಿರುವಂತಿದೆ.

ಅದೇ ಅಂಕದಲ್ಲಿ ಮಗುವಿನ ಮಣ್ಣಿನ ಬಂಡಿಯಲ್ಲಿ ಅವಳು ಪ್ರೀತಿಯಿಂದ ತುಂಬಿದ ಒಡವೆಗಳು ಒಂಬತ್ತನೆಯ ಅಂಕದಲ್ಲಿ ನ್ಯಾಯಸಭೆಯ ನಡುವೆ ಮೈತ್ರೇಯನ ಕಂಕುಳಿಂದ ಜಾರಿ ಬೀಳುತ್ತವೆ. ಈ ಬೀಳುವಿಕೆ ಕೃತಕವೆಂದು ಆಕ್ಷೇಪಿಸುವವರು ಆಕ್ಷೇಪಿಸಲಿ. ಕಳ್ಳನು ತಂದಾಗ ಮರ್ಯಾದೆಯ ಕಾಣಿಕೆಯಾಗಿದ್ದ ಚಿನ್ನವು, ಕಾಣಿಕೆಯಾಗಿ ಬಂದಾಗ ಕೊಲೆಗಡುಕನ ಸುಲಿಗೆಯಾಯಿತು. ವಸ್ತುವು ಇರುವ ಕೈಯನ್ನಷ್ಟೆ ನೋಡಿದ ಸಭೆಗೆ ಅದು ಬಂದ ದಾರಿ ತಿಳಿಯದು. ತಾಯಿಯು ಚಾರುದತ್ತನನ್ನುಳಿಸಲು, ಇವು ಅವುಗಳಂತಿವೆ, ಅವಲ್ಲ ಎನ್ನುತ್ತಾಳೆ. ಚಾರುದತ್ತನೋ, ಇವು ಈಕೆಯ ಮಗಳವೇ ಎಂದು ನಿಜವನ್ನಾಡಿ, ಅವಳಿಂದ ಹೇಗೆ ಅಗಲಿದವೆಂದು ಕೇಳಿದಾಗ ತಡವರಿಸುತ್ತಾನೆ. ಅದನ್ನು ನಂಬುವಂತೆ ಹೇಳಬಲ್ಲವಳು ವಸಂತಸೇನೆಯೊಬ್ಬಳೇ. ಅವಳು ಸತ್ತಳೆಂದೇ ಸಭೆಯು ನಂಬಿದೆ.