ಕೈಫಿಯತ್ತು: ಪ್ರಶ್ನೆ ಯಾರದು, ಉತ್ತರ ಯಾರದು?

ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿರುವ ಮೆಕೆಂಜಿ ಸಂಗ್ರಹದ ಕನ್ನಡ ಕೈಫಿಯತ್ತುಗಳನ್ನು ಸ್ಥಳೀಯ ಚರಿತ್ರೆಯ ಆಕರಗಳೆಂದು ಬಳಸುವುದು ವಾಡಿಕೆಯಾಗಿದೆ. ಎಂ. ಎಂ. ಕಲಬುರ್ಗಿಯವರು 1994ರಲ್ಲಿ ಹೊರತಂದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟ ಈ ಅಧ್ಯಯನಕ್ಕೆ ಭದ್ರವಾದ ತಳಹದಿ ಒದಗಿಸಿತು. ಆದರೆ ಆಕರವಾಗಿ ಬಳಸುವ ಮುನ್ನ, ಈ ಬರಹಗಳು ಯಾರ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದವೆಂಬುದನ್ನು ವಿವೇಚಿಸುವುದು ಅಗತ್ಯ.

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ತರುವಾಯ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡನು. ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರು ಊರೂರಿನ ವೃತ್ತಾಂತಗಳನ್ನು ಸಂಗ್ರಹಿಸಿದರು. ಭೂಮಿಯನ್ನು ಅಳೆಯುತ್ತಿದ್ದವನೂ ಗತಕಾಲವನ್ನು ವಿಚಾರಿಸುತ್ತಿದ್ದವನೂ ಒಬ್ಬನೇ ಅಧಿಕಾರಿ ಎಂಬುದು ಗಮನಾರ್ಹ. ಸ್ಥಳಪುರಾಣದ ಶ್ರೋತೃ ಭಕ್ತ. ದಾನಶಾಸನದ ಶ್ರೋತೃ ಮುಂದೆ ಬರುವ ಅರಸ. ಕೈಫಿಯತ್ತಿನ ಶ್ರೋತೃ ಕಂಪನಿಯ ನೌಕರ. ಆದ್ದರಿಂದಲೇ ಇಲ್ಲಿ ದೇವರ ಮಹಿಮೆ, ಕೆರೆಯ ಕಥೆ, ರಾಜವಂಶಾವಳಿ ಇವುಗಳೊಡನೆ ಇನಾಮು, ಮಾನ್ಯಗಳ ವಿವರ ಹೆಣೆದುಕೊಂಡಿದೆ. ತನ್ನ ನೆನಪನ್ನು ಹೇಳಿಕೆಯ ರೂಪದಲ್ಲಿ ಒಪ್ಪಿಸಬೇಕಾಗಿ ಬಂದ ಸಮಾಜದ ಸ್ಥಿತಿ ಈ ರಚನೆಯಲ್ಲಿಯೇ ವ್ಯಕ್ತವಾಗಿದೆ.

ಈ ಸಂಗ್ರಹದಲ್ಲಿ ವಸಾಹತು ಜ್ಞಾನದ ಯಜಮಾನಿಕೆಯನ್ನು ನಿಕೊಲಸ್ ಡರ್ಕ್ಸ್ ಗುರುತಿಸಿದರೆ, ಫಿಲಿಪ್ ವಾಗನರ್ 2003ರ ಲೇಖನದಲ್ಲಿ ದೇಶೀಯ ಸಹಾಯಕರ ವಿದ್ವತ್ತಿಗೆ ಪ್ರಾಧಾನ್ಯವಿತ್ತರು. ಕನ್ನಡದ ಸಾಕ್ಷ್ಯ ಇವೆರಡರಲ್ಲಿ ಯಾವುದೊಂದಕ್ಕೂ ಪೂರ್ಣವಾಗಿ ಒಗ್ಗುವುದಿಲ್ಲ. ಕನಕಗಿರಿಯ ಜೈನ ವಿದ್ವಾಂಸ ದೇವಚಂದ್ರ 1804ರಲ್ಲಿ ಮೆಕೆಂಜಿಯನ್ನು ಸಂಧಿಸಿದನು. ಅಲ್ಲಿಂದ ಪ್ರೇರಣೆ ಪಡೆದ ‘ರಾಜಾವಳಿ ಕಥೆ’ ಸಿದ್ಧವಾದುದು 1840ರ ಆಸುಪಾಸಿನಲ್ಲಿ; ಆ ವೇಳೆಗೆ ಮೆಕೆಂಜಿ ತೀರಿಕೊಂಡು (1821) ಎರಡು ದಶಕಗಳಾಗುತ್ತ ಬಂದಿದ್ದವು. ಕೃತಿ ಸೇರಿದ್ದು ಮೈಸೂರು ಅರಮನೆಯನ್ನು. ಅಧಿಕಾರಿಯ ಪ್ರಶ್ನೆಯನ್ನು ಕವಿ ತನ್ನ ಮತಪರಂಪರೆಯ ನಿರೂಪಣೆಗೆ ಅವಕಾಶವನ್ನಾಗಿ ಮಾರ್ಪಡಿಸಿಕೊಂಡನು. ಇದು ಅಧೀನತೆಯೊಳಗಿನ ಸ್ವಾತಂತ್ರ್ಯ.

ಆದರೆ ಅದರ ಮಿತಿಯನ್ನೂ ಮರೆಯಲಾಗದು. ಬಿ. ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ, ಭದ್ರಬಾಹು–ಚಂದ್ರಗುಪ್ತರ ಐತಿಹ್ಯಕ್ಕೆ ಇದೇ ಕೃತಿಯನ್ನು ಬಳಸಿಕೊಂಡರು. ಹೀಗೆ ವಸಾಹತು ವಿಚಾರಣೆಯ ಸಂದರ್ಭದಲ್ಲಿ ಮೂಡಿದ ಉತ್ತರವೊಂದು ಪ್ರಾಚೀನ ಪರಂಪರೆಯ ಸಾಕ್ಷ್ಯವಾಗಿ ವಿದ್ವತ್‌ಪ್ರಪಂಚಕ್ಕೆ ಮರಳಿತು. ಐತಿಹ್ಯ ಹಳೆಯದೇ, ಶಾಸನಗಳೂ ಹಿಂದಿನ ಜೈನ ಕೃತಿಗಳೂ ಅದನ್ನು ಬಲ್ಲವು. ಹೊಸದಾದುದು ಅದನ್ನು ಕಾಲಾನುಕ್ರಮದ ಚರಿತ್ರೆಯಾಗಿ ಜೋಡಿಸುವ ಒತ್ತಾಯ.

ಮಧ್ಯಕಾಲೀನ ಸಾಹಿತ್ಯವನ್ನು ಅಭ್ಯಸಿಸುವ ನಮಗೆ ಇದರಿಂದ ಒಂದು ಹೊಣೆ ಒದಗುತ್ತದೆ. ಕೈಫಿಯತ್ತನ್ನು ಉಲ್ಲೇಖಿಸುವಾಗ ಅದನ್ನು ಸಂಗ್ರಹಿಸಿದವರು, ಹೇಳಿದವರು, ಅವರು ಉಳಿಸಿಕೊಳ್ಳಬಯಸಿದ ಹಕ್ಕು ಈ ಮೂರನ್ನೂ ಲಭ್ಯವಿದ್ದಷ್ಟು ನಮೂದಿಸಬೇಕು. ಇಲ್ಲವಾದರೆ 12ನೆಯ ಶತಮಾನದ ಧ್ವನಿಯೆಂದು ನಾವು ಆಲಿಸುವುದು 19ನೆಯ ಶತಮಾನದ ಶಾನುಭೋಗನೊಬ್ಬನ ಅರ್ಜಿಯಾಗಿರಬಹುದು. ಆ ಅರ್ಜಿಗೂ ಚರಿತ್ರೆಯಲ್ಲಿ ಸ್ಥಾನವಿದೆ. ಆದರೆ ಅದು ಅರ್ಜಿಯ ಸ್ಥಾನ.